ಹನಿ ಕಟ್ಟೋದು, ಹನಿ ಕರಗೋದು: ಜೀವಕೋಶದೊಳಗಿನ ಸಾರ್ವೆ ಪ್ರೋಟೀನುಗಳ ಕತೆ

(ಸೂರತ್‌ನಿಂದ ನಮ್ಮ ವಾಹಿನಿಗೆ ಕೊಟ್ಟ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ಮಾತಾಡ್ತಾ ಇರೋದು ಸೂರತ್‌ನಿಂದ. ಊರು ತೀರ್ಥಹಳ್ಳಿ ಕಡೆ. ಎಂಟೆಕ್ ಮಾಡಿದ್ದು ಸುರತ್ಕಲ್‌ನಲ್ಲಿ, ಕಂಪ್ಯೂಟರ್ ಸೈನ್ಸ್. ಕೆಲಸ ಸಿಕ್ಕಿದ್ದು ಇಲ್ಲಿ. ಸುರತ್ಕಲ್‌ನ 'ಕಲ್' ಅಲ್ಲೇ ಬಿಟ್ಟು ಸೂರತ್‌ಗೆ ಹೋದ ಅಂತ ಗೆಳೆಯರು ತಮಾಷೆ ಮಾಡ್ತಿದ್ರು. ಬಂದು ನೋಡಿದ್ರೆ ಇಲ್ಲಿ ಊರಿಗೆ ಊರೇ ಕಲ್ಲಿನ ವ್ಯಾಪಾರ ಮಾಡ್ತಿದೆ. ವಜ್ರದ ಕಲ್ಲು.

ಈ ವಾಹಿನಿಯಲ್ಲಿ ಅಹಮದಾಬಾದ್, ವಡೋದರಾ, ಪುಣೆ, ಹೈದರಾಬಾದ್ ಅಂತ ಎಲ್ಲೆಲ್ಲೋ ಇರೋ ನಮ್ಮಂಥ ಕನ್ನಡದ ಐಟಿ ಮಂದಿ ಬಂದು ಮಾತಾಡ್ತಾರೆ. ಹೆಚ್ಚಿನವರು ತಮ್ಮ ಕೆಲಸದ ಬಗ್ಗೆನೇ ಮಾತಾಡ್ತಾರೆ. ನಾನು ಇವತ್ತು ನನ್ನದಲ್ಲದ ವಿಷಯ ಎತ್ತಿಕೊಂಡಿದ್ದೀನಿ, ಜೀವಕೋಶ. ಪಿಯುಸಿಯಲ್ಲಿ ಬಯಾಲಜಿ ಬೇಡ ಅಂತ ಎಲೆಕ್ಟ್ರಾನಿಕ್ಸ್ ತಗೊಂಡೋನು ನಾನು. ಹಾಗಿದ್ರೂ ಒಂದೂವರೆ ವರ್ಷದಿಂದ ರಾತ್ರಿ ಕೂತು ಇದನ್ನೇ ಓದ್ತಾ ಇದ್ದೀನಿ. ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

ಮಾವನ ಪ್ರಶ್ನೆ

ನನ್ನ ಸೋದರಮಾವ ಪ್ರೈಮರಿ ಶಾಲೆ ಮೇಷ್ಟ್ರು. ಒಂದು ದಿನ ಬೋರ್ಡಿನ ಮೇಲೆ ಬರೀತಾ ಇದ್ದಾಗ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತಂತೆ. ಮಕ್ಕಳು ನಕ್ರು, ಇವರೂ ನಕ್ರು. ಮಾರನೇ ವಾರ ಮತ್ತೆ ಬಿತ್ತು. ಆಮೇಲೆ ಅಂಗಿ ಗುಂಡಿ ಹಾಕೋಕೆ ಆಗಲಿಲ್ಲ. ಡಾಕ್ಟರುಗಳ ಹತ್ರ ಅಲೆದಾಡಿ, ಪರೀಕ್ಷೆಗಳೆಲ್ಲ ಆದ ಮೇಲೆ ಹೆಸರು ಗೊತ್ತಾಯ್ತು: ಮೋಟಾರ್ ನ್ಯೂರಾನ್ ಕಾಯಿಲೆ. ಎಎಲ್‌ಎಸ್ ಅಂತಲೂ ಹೇಳ್ತಾರೆ. ಸ್ನಾಯುಗಳಿಗೆ 'ಅಲುಗಾಡು' ಅಂತ ಹೇಳೋ ನರಕೋಶಗಳು ಒಂದೊಂದಾಗಿ ಸಾಯ್ತಾ ಹೋಗೋ ಕಾಯಿಲೆ.

ನಾನು ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಒಳಗೆ ಕರೆದು, "ನೀನು ಅಷ್ಟೆಲ್ಲ ಓದಿದೀಯಲ್ಲ, ಅವನಿಗೆ ಒಂಚೂರು ಧೈರ್ಯ ಹೇಳು" ಅಂದ್ರು. ಮಾವನಿಗೆ ಬೇಕಾಗಿದ್ದದ್ದು ಧೈರ್ಯ ಅಲ್ಲ. "ಅಳಿಯಾ, ವಾಸಿ ಆಗುತ್ತಾ ಇಲ್ವಾ ಅಂತ ನಾನು ಕೇಳ್ತಿಲ್ಲ ಮಾರಾಯ. ಅದನ್ನ ಡಾಕ್ಟ್ರು ಹೇಳಿದ್ದಾರೆ. ಆ ಕೋಶದ ಒಳಗೆ ಏನು ಕೆಡುತ್ತೆ? ಅದನ್ನ ನನಗೆ ಅರ್ಥ ಆಗೋ ಹಾಗೆ ಹೇಳು. ಉದಾಹರಣೆ ಕೊಟ್ಟು ಹೇಳು. ಉದಾಹರಣೆ ಎಲ್ಲಿಗೆ ಕೈಕೊಡುತ್ತೆ ಅಂತಾನೂ ಹೇಳು" ಅಂದ್ರು. ಮೂವತ್ತು ವರ್ಷ ಪಾಠ ಮಾಡಿದವರ ಷರತ್ತು ಅದು.

ಇವತ್ತಿನ ಮಾತು ಅವರಿಗೆ ನಾನು ಕೊಟ್ಟ ಉತ್ತರವೇ. ಅದೇ ಷರತ್ತಿನಲ್ಲಿ ನಿಮಗೂ ಹೇಳ್ತೀನಿ.

ಗೋಡೆ ಇಲ್ಲದ ಕೋಣೆಗಳು

ಜೀವಕೋಶ ಅಂದ ತಕ್ಷಣ ನಮಗೆಲ್ಲ ಹೈಸ್ಕೂಲಿನ ಚಿತ್ರ ನೆನಪಾಗುತ್ತೆ. ಒಂದು ಚೀಲ, ಅದರೊಳಗೆ ಪುಟ್ಟ ಪುಟ್ಟ ಚೀಲಗಳು, ಪ್ರತಿಯೊಂದಕ್ಕೂ ಒಂದು ಪೊರೆ. ಮೈಟೊಕಾಂಡ್ರಿಯಾಗೆ ಪೊರೆ ಇದೆ, ನ್ಯೂಕ್ಲಿಯಸ್‌ಗೆ ಪೊರೆ ಇದೆ. ಕಾಂಪೌಂಡ್ ಹಾಕಿದ ಮನೆಗಳ ಹಾಗೆ.

ಆದ್ರೆ ಕೋಶದೊಳಗೆ ಕಾಂಪೌಂಡ್ ಇಲ್ಲದ ಜಾಗಗಳೂ ಇವೆ. ನ್ಯೂಕ್ಲಿಯಸ್ ಒಳಗಿರೋ ನ್ಯೂಕ್ಲಿಯೋಲಸ್ ಅಂಥದ್ದು. 1830ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ಅದನ್ನ ಗುರುತಿಸಿದ್ರು. ಅದಕ್ಕೆ ಪೊರೆ ಇಲ್ಲ. ಪೊರೆ ಇಲ್ಲದಿದ್ರೂ ಅಲ್ಲಿರಬೇಕಾದ ಪ್ರೋಟೀನುಗಳು ಅಲ್ಲೇ ಗುಂಪಾಗಿ ಇರ್ತವೆ, ಸುತ್ತಲಿನ ನೀರಲ್ಲಿ ಕರಗಿ ಚೆದುರಿ ಹೋಗಲ್ಲ. ಯಾಕೆ?

ಸೂರತ್‌ಗೆ ಬಂದವರು ಒಂದು ಸಲ ಮಹಿಧರಪುರದ ಹೀರಾ ಬಜಾರ್ ನೋಡಬೇಕು. ಅಲ್ಲಿ ವ್ಯಾಪಾರ ನಡೆಯೋದು ಬೀದಿಯಲ್ಲಿ. ಜನ ನಿಂತಿರ್ತಾರೆ, ಜೇಬಿಂದ ಮಡಿಸಿದ ಕಾಗದದ ಪೊಟ್ಟಣ ತೆಗೀತಾರೆ, ಸ್ಕೂಟರ್ ಸೀಟಿನ ಮೇಲೆ ವಜ್ರ ಹರಡಿ ನೋಡ್ತಾರೆ. ಗೇಟಿಲ್ಲ, ಗೋಡೆ ಇಲ್ಲ. ಆದ್ರೂ ಬಜಾರ್ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಕಣ್ಣಿಗೆ ಕಾಣುತ್ತೆ. ಇಲ್ಲಿ ಕಾಲಿಡೋಕೆ ಜಾಗ ಇಲ್ಲ, ಇಪ್ಪತ್ತು ಹೆಜ್ಜೆ ಆಚೆ ಬೀದಿ ಖಾಲಿ. ಒಬ್ಬ ಹೋಗ್ತಾನೆ, ಇನ್ನೊಬ್ಬ ಬರ್ತಾನೆ, ಗುಂಪು ಮಾತ್ರ ಹಾಗೇ ಇರುತ್ತೆ. ಸಂಜೆ ಕರಗಿ ಹೋಗುತ್ತೆ. 2023ರ ಡಿಸೆಂಬರ್‌ನಲ್ಲಿ ಊರಾಚೆ ಖಜೋದ್‌ನಲ್ಲಿ ಡೈಮಂಡ್ ಬೋರ್ಸ್ ಉದ್ಘಾಟನೆ ಆಯ್ತಲ್ಲ, ನಾಲ್ಕು ಸಾವಿರಕ್ಕೂ ಹೆಚ್ಚು ಆಫೀಸುಗಳ ಕಟ್ಟಡ, ಅದು ಪೊರೆ ಇರೋ ವ್ಯವಸ್ಥೆ. ಮಹಿಧರಪುರ ಪೊರೆ ಇಲ್ಲದ್ದು. ಕೋಶದಲ್ಲಿ ಎರಡೂ ಇವೆ.

ಈ ಪೊರೆ ಇಲ್ಲದ ಗುಂಪುಗಳು ನಿಜವಾಗಿ ಏನು ಅಂತ ಚೆನ್ನಾಗಿ ತೋರಿಸಿಕೊಟ್ಟದ್ದು 2009ರ ಒಂದು ಕೆಲಸ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕ್ಲಿಫರ್ಡ್ ಬ್ರಾಂಗ್ವಿನ್, ಟೋನಿ ಹೈಮನ್, ಫ್ರಾಂಕ್ ಯೂಲಿಷರ್ ಮತ್ತು ಸಂಗಡಿಗರು ಒಂದು ಮಿಲಿಮೀಟರ್ ಉದ್ದದ ಹುಳುವಿನ ಭ್ರೂಣದಲ್ಲಿ 'ಪಿ ಗ್ರಾನ್ಯೂಲ್' ಅನ್ನೋ ಕಣಗಳನ್ನ ನೋಡ್ತಾ ಇದ್ರು. ಗಟ್ಟಿ ಕಣ ಅಂದುಕೊಂಡದ್ದು ಗಟ್ಟಿ ಇರಲಿಲ್ಲ. ಎರಡು ಕಣ ತಾಗಿದ್ರೆ ಸೇರಿ ಒಂದು ದುಂಡನೆ ಹನಿ ಆಗ್ತಿತ್ತು. ನ್ಯೂಕ್ಲಿಯಸ್ ಮೇಲೆ ಹರಡಿಕೊಂಡು ತೊಟ್ಟಿಕ್ತಿತ್ತು. ಅಂದ್ರೆ ಅದು ದ್ರವ. ಸಾರಿನ ಮೇಲೆ ಎಣ್ಣೆ ಹನಿ ತೇಲುತ್ತಲ್ಲ, ಎರಡು ಹನಿ ಚಮಚದಿಂದ ಹತ್ತಿರ ತಂದ್ರೆ ಒಂದಾಗುತ್ತಲ್ಲ, ಹಾಗೆ. ಒಂದೇ ದ್ರವ ಎರಡು ಭಾಗವಾಗಿ, ಒಂದು ದಟ್ಟ, ಇನ್ನೊಂದು ತೆಳು ಆಗಿ ಬೇರೆ ಆಗೋದಕ್ಕೆ ಫೇಸ್ ಸೆಪರೇಶನ್ ಅಂತಾರೆ.

ಇದರಲ್ಲಿ ಒಂದು ಗಡಿ ಇದೆ. ಪ್ರೋಟೀನಿನ ಸಾಂದ್ರತೆ ಆ ಗಡಿಗಿಂತ ಕಡಿಮೆ ಇದ್ರೆ ಎಲ್ಲ ಕರಗಿಯೇ ಇರುತ್ತೆ. ಗಡಿ ದಾಟಿದ ತಕ್ಷಣ ಹನಿ ಕಟ್ಟುತ್ತೆ. ನಿಧಾನವಾಗಿ ಅಲ್ಲ, ಸ್ವಿಚ್ ಹಾಕಿದ ಹಾಗೆ. ಹಾಗಾಗಿ ಕೋಶಕ್ಕೆ ಹನಿ ಬೇಕು ಅಂದ್ರೆ ಹೊಸದಾಗಿ ಗೋಡೆ ಕಟ್ಟಬೇಕಿಲ್ಲ. ಆ ಗಡಿಯನ್ನ ಸ್ವಲ್ಪ ಆಚೆ ಈಚೆ ಸರಿಸಿದ್ರೆ ಸಾಕು.

ಗಡಿ ಸರಿಸೋರು ಯಾರು? ಅವರೇ ಇವತ್ತಿನ ಕತೆಯ ಮುಖ್ಯ ಪಾತ್ರ, ಸ್ಕ್ಯಾಫೋಲ್ಡ್ ಪ್ರೋಟೀನುಗಳು. ಮನೆ ಕಟ್ಟುವಾಗ ಬೊಂಬು ಕಟ್ಟಿ ಸಾರ್ವೆ ಹಾಕ್ತಾರಲ್ಲ, ಅದೇ ಹೆಸರು. ನಾನು ಸಾರ್ವೆ ಪ್ರೋಟೀನು ಅಂತಲೇ ಕರೀತೀನಿ.

ಎಷ್ಟು ಕೈ ಅನ್ನೋದೇ ಲೆಕ್ಕ

ಇದು ಸಾಫ್ಟ್‌ವೇರ್ ಮಂದಿಗೆ ಸುಲಭವಾಗಿ ಹಿಡಿಸೋ ಭಾಗ. ಇದಕ್ಕೂ ಸೂರತ್‌ದೇ ಉದಾಹರಣೆ ಇದೆ.

ಇಲ್ಲಿ ರಿಂಗ್ ರೋಡಿನ ಮಾರ್ಕೆಟ್ಟಿನಲ್ಲಿ ಮಾರೋ ಸೀರೆಗಳಲ್ಲಿ ಬಹುಪಾಲು ಪಾಲಿಯೆಸ್ಟರ್. ಪಾಲಿಯೆಸ್ಟರ್ ಹೇಗೆ ಆಗುತ್ತೆ? ಎರಡು ಥರದ ಪುಟ್ಟ ಅಣುಗಳು, ಪ್ರತಿಯೊಂದಕ್ಕೂ ಎರಡೇ ಕೈ. ಈ ಕಡೆ ಒಬ್ಬನ ಕೈ ಹಿಡಿ, ಆ ಕಡೆ ಒಬ್ಬನ ಕೈ ಹಿಡಿ. ಎರಡೇ ಕೈ ಇದ್ರೆ ಸಾಲು ಆಗುತ್ತೆ, ಉದ್ದನೆ ಎಳೆ. ಅದನ್ನ ನೇಯಬಹುದು. ಅದರಲ್ಲಿ ಮೂರು ಕೈ ಇರೋ ಅಣು, ಗ್ಲಿಸರಿನ್ ಥರದ್ದು, ಸಾಕಷ್ಟು ಬೆರೆಸಿದ್ರೆ? ಎಳೆ ಬರಲ್ಲ. ಎಲ್ಲ ಒಂದಕ್ಕೊಂದು ಹೆಣೆದು ಬಲೆ ಆಗಿ ಗಟ್ಟಿ ರಾಳ ಆಗುತ್ತೆ.

ಇದರ ಲೆಕ್ಕವನ್ನ 1941ರಲ್ಲೇ ಪಾಲ್ ಫ್ಲೋರಿ ಹಾಕಿಟ್ಟಿದ್ದಾರೆ. ಪ್ರತಿ ಅಣುವಿಗೆ ಎಷ್ಟು ಕೈ ಇದೆ ನೋಡಿ, ಅದರಿಂದ ಒಂದು ಕಳೀರಿ, ಉಳಿದದ್ದರಿಂದ 1ನ್ನ ಭಾಗಿಸಿ. ಅಷ್ಟು ಪಾಲು ಕೈಗಳು ಹಿಡಿದುಕೊಂಡರೆ ಸಾಕು, ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ಬಲೆ ಹೆಣೆದುಕೊಳ್ಳುತ್ತೆ. ಎರಡು ಕೈ ಇದ್ರೆ ಎಲ್ಲ ಕೈಗಳೂ ಹಿಡಿದಿರಬೇಕು, ಅಂದ್ರೆ ಆಗದ ಮಾತು. ಮೂರು ಕೈ ಇದ್ರೆ ಅರ್ಧದಷ್ಟು ಸಾಕು. ಐದು ಕೈ ಇದ್ರೆ ಕಾಲು ಭಾಗ ಸಾಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಗ್ರಾಫ್. ಕೈ ಅಂದ್ರೆ ನೋಡ್‌ನ ಡಿಗ್ರಿ. ಡಿಗ್ರಿ ಒಂದು ಮಿತಿ ದಾಟಿದ್ರೆ ಚೂರು ಚೂರಾಗಿದ್ದ ಗ್ರಾಫ್ ಇದ್ದಕ್ಕಿದ್ದ ಹಾಗೆ ಒಂದೇ ದೊಡ್ಡ ತುಂಡಾಗುತ್ತೆ.

ಮಾವನ ಷರತ್ತು ನೆನಪಿದೆಯಲ್ಲ, ಇಲ್ಲಿ ಉದಾಹರಣೆ ಎಲ್ಲಿ ಕೈಕೊಡುತ್ತೆ ಅಂತ ಹೇಳಬೇಕು. ಪಾಲಿಯೆಸ್ಟರಿನಲ್ಲಿ ಹಿಡಿದ ಕೈ ಗಟ್ಟಿ, ಸುಲಭಕ್ಕೆ ಬಿಡಲ್ಲ. ಕೋಶದ ಹನಿಯಲ್ಲಿ ಕೈ ಹಿಡೀತವೆ, ಬಿಡ್ತವೆ, ಮತ್ತೆ ಇನ್ನೊಬ್ಬರ ಕೈ ಹಿಡೀತವೆ. ಅದಕ್ಕೇ ಅದು ಕಲ್ಲಾಗದೆ ದ್ರವವಾಗಿ ಉಳಿಯುತ್ತೆ. ಬಲೆ ಹೆಣೆಯೋದು ಮತ್ತು ಹನಿ ಬೇರೆ ಆಗೋದು ಒಂದೇ ಅಲ್ಲ, ಜೊತೆಜೊತೆಗೆ ಬರೋ ಅಣ್ಣತಮ್ಮ. ಆದ್ರೆ 'ಕೈ ಹೆಚ್ಚಾದ್ರೆ ಗಡಿ ಇಳಿಯುತ್ತೆ' ಅನ್ನೋ ಸೂತ್ರ ಎರಡಕ್ಕೂ ಒಂದೇ.

ಇದನ್ನ ಪ್ರೋಟೀನುಗಳಲ್ಲೇ ಮಾಡಿ ತೋರಿಸಿದ್ದು ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ರೋಸನ್ ಅವರ ಲ್ಯಾಬ್, 2012ರಲ್ಲಿ. ಒಂದನ್ನೊಂದು ಹಿಡಿಯೋ ಎರಡು ತುಣುಕು ತಗೊಂಡ್ರು. ಅದೇ ತುಣುಕನ್ನ ಒಂದೇ ಪ್ರೋಟೀನಿನಲ್ಲಿ ಎರಡು ಸಲ, ಮೂರು ಸಲ, ನಾಲ್ಕು ಸಲ ಪೋಣಿಸಿದ್ರು. ಪೋಣಿಸಿದಷ್ಟೂ ಕಡಿಮೆ ಸಾಂದ್ರತೆಯಲ್ಲೇ ಟ್ಯೂಬಿನ ನೀರು ಮಬ್ಬಾಗಿ ಹನಿ ಕಟ್ಟಿತು. ಹೊಸ ರಾಸಾಯನಿಕ ಏನೂ ಹಾಕಿರಲಿಲ್ಲ. ಕೈಗಳ ಸಂಖ್ಯೆ ಮಾತ್ರ ಬದಲಾಗಿತ್ತು.

2016ರಲ್ಲಿ ಅದೇ ಲ್ಯಾಬಿನ ಸಲ್ಮಾನ್ ಬನಾನಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಹೋದ್ರು. ಒಂದು ಹನಿಯಲ್ಲಿ ನೂರಾರು ಥರದ ಪ್ರೋಟೀನು ಇರಬಹುದು. ಎಲ್ಲರೂ ಸಮಾನರಾ? ಅಲ್ಲ ಅಂದ್ರು. ಕೆಲವೇ ಕೆಲವರು ಸಾರ್ವೆ. ಅವರಿಗೆ ಕೈ ಜಾಸ್ತಿ, ಅವರಿಲ್ಲದಿದ್ರೆ ಹನಿಯೇ ಇಲ್ಲ. ಉಳಿದವರು ಕ್ಲೈಂಟ್, ಅಂದ್ರೆ ಗಿರಾಕಿ. ಗಿರಾಕಿಗೆ ಒಂದೋ ಎರಡೋ ಕೈ. ಸಾರ್ವೆಯ ಖಾಲಿ ಕೈ ಸಿಕ್ಕಿದ್ರೆ ಹಿಡಿದುಕೊಂಡು ಒಳಗೆ ಬರ್ತಾರೆ, ಅವರು ಹೋದ್ರೂ ಹನಿ ಹಾಗೇ ಉಳಿಯುತ್ತೆ. ಮಹಿಧರಪುರದಲ್ಲಿ ದಲಾಲರು ಇದ್ದ ಹಾಗೆ. ಹತ್ತಾರು ವ್ಯಾಪಾರಿಗಳ ಪರಿಚಯ ಇರೋ ದಲಾಲರು ನಿಂತಿದ್ರೆ ಬಜಾರ್ ಇದೆ. ಒಂದು ಪೊಟ್ಟಣ ಕೊಳ್ಳೋಕೆ ಬಂದ ಗಿರಾಕಿ ಹೋದ್ರೆ ಬಜಾರ್ ಮುರಿಯಲ್ಲ.

ಅವರ ಪ್ರಯೋಗದಲ್ಲಿ ಸುಮೊ ಅನ್ನೋ ತುಣುಕು ಹತ್ತು ಸಲ ಇರೋ ಒಂದು ಪ್ರೋಟೀನು, ಅದನ್ನ ಹಿಡಿಯೋ ಸಿಮ್ ಅನ್ನೋ ತುಣುಕು ಹತ್ತು ಸಲ ಇರೋ ಇನ್ನೊಂದು. ಫೋನಿನ ಸಿಮ್ ಅಲ್ಲ. ಇಬ್ಬರೂ ಸೇರಿ ಹನಿ ಕಟ್ತಾರೆ. ಸುಮೊ ಸ್ವಲ್ಪ ಹೆಚ್ಚಿಗೆ ಇದ್ರೆ ಖಾಲಿ ಉಳಿಯೋದು ಸುಮೊ ಕೈ, ಆಗ ಸಿಮ್ ಇರೋ ಗಿರಾಕಿಗಳು ಒಳಗೆ ಬರ್ತಾರೆ. ಸಿಮ್ ಹೆಚ್ಚಾದ್ರೆ ಆ ಗಿರಾಕಿಗಳು ಹೊರಗೆ, ಸುಮೊ ಇರೋ ಗಿರಾಕಿಗಳು ಒಳಗೆ. ಸಾರ್ವೆಗಳ ಅನುಪಾತ ಸ್ವಲ್ಪ ಬದಲಾದ್ರೆ ಹನಿಯೊಳಗಿನ ಸಂತೆಯೇ ಬದಲಾಗುತ್ತೆ. ಅಂದ್ರೆ ಹನಿ ಇರಬೇಕಾ ಬೇಡವಾ, ಅದರೊಳಗೆ ಯಾರಿರಬೇಕು, ಎರಡನ್ನೂ ನಿರ್ಧರಿಸೋದು ಸಾರ್ವೆ.

ಆಪತ್ಕಾಲದ ಹನಿ

ಇಷ್ಟು ಟೆಸ್ಟ್ ಟ್ಯೂಬಿನ ಕತೆ. ನಿಜವಾದ ಕೋಶಕ್ಕೆ ಬರೋಣ.

ನಮ್ಮ ಕೋಶಕ್ಕೆ ಕಷ್ಟ ಬಂದಾಗ, ವಿಪರೀತ ಬಿಸಿ, ವಿಷ, ಹೀಗೆ ಏನಾದ್ರೂ, ಅದು ಮೊದಲು ಮಾಡೋ ಕೆಲಸ ಪ್ರೋಟೀನು ತಯಾರಿ ನಿಲ್ಲಿಸೋದು. ಎಂಆರ್‌ಎನ್‌ಎ ಅಂದ್ರೆ ಪ್ರೋಟೀನು ಮಾಡೋ ಸೂಚನೆ ಬರೆದ ಚೀಟಿ. ಅದನ್ನ ಓದ್ತಿದ್ದ ರೈಬೋಸೋಮುಗಳು ಕಳಚಿಕೊಂಡಾಗ ಉದ್ದನೆಯ ಎಂಆರ್‌ಎನ್‌ಎ ಬರಿಮೈಯಲ್ಲಿ ಉಳಿಯುತ್ತೆ. ಆಗ ಜಿ3ಬಿಪಿ1 ಅನ್ನೋ ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತೆ. ಸುಮ್ಮನಿದ್ದಾಗ ಇದು ಮುದುಡಿಕೊಂಡು ಕೂತಿರುತ್ತೆ, ಆರ್‌ಎನ್‌ಎ ಸಿಕ್ಕಿದ್ರೆ ಬಿಚ್ಚಿಕೊಂಡು ಕೈ ಚಾಚುತ್ತೆ. ಜೋಡಿಜೋಡಿಯಾಗಿರೋ ಸ್ವಭಾವ ಬೇರೆ. ಹೀಗೆ ಹೆಣೆದುಕೊಂಡು ನಿಮಿಷಗಳಲ್ಲಿ ಸ್ಟ್ರೆಸ್ ಗ್ರಾನ್ಯೂಲ್ ಅನ್ನೋ ಹನಿಗಳು ಏಳ್ತವೆ. ಇದು ಮತ್ತು ಇದರ ತಮ್ಮ ಜಿ3ಬಿಪಿ2, ಎರಡನ್ನೂ ತೆಗೆದುಹಾಕಿದ ಕೋಶಕ್ಕೆ ಆರ್ಸೆನೈಟ್ ಕೊಟ್ಟರೂ ಈ ಹನಿ ಏಳಲ್ಲ. ಸಾರ್ವೆ ಅಂದ್ರೆ ಹೀಗೆ. 2020ರಲ್ಲಿ ಮೂರು ಬೇರೆ ಬೇರೆ ತಂಡಗಳು ಒಂದೇ ಸಮಯಕ್ಕೆ ಇದನ್ನ ವಿವರವಾಗಿ ಬಿಡಿಸಿ ಹೇಳಿದ್ವು.

ಅದರಲ್ಲಿ ಬ್ರಾಂಗ್ವಿನ್ ಅವರ ತಂಡದ ವಿವರಣೆ ನನಗೆ ತುಂಬ ಹಿಡಿಸ್ತು, ಯಾಕಂದ್ರೆ ಅದು ಪೂರ್ತಿ ಗ್ರಾಫ್ ಭಾಷೆ. ಮೂರು ಅಥವಾ ಹೆಚ್ಚು ಕೈ ಇದ್ದವನು ನೋಡ್. ಎರಡು ಕೈ ಇದ್ದವನು ಸೇತುವೆ. ಒಂದೇ ಕೈ ಇದ್ದವನು ಮುಚ್ಚಳ. ಮುಚ್ಚಳ ಏನು ಮಾಡುತ್ತೆ? ಸಾರ್ವೆಯ ಒಂದು ಕೈ ಹಿಡಿದುಕೊಂಡು ನಿಂತುಬಿಡುತ್ತೆ, ಅಲ್ಲಿಂದ ಮುಂದೆ ಬಲೆ ಬೆಳೆಯಲ್ಲ. ಯುಎಸ್‌ಪಿ10 ಅನ್ನೋ ಪ್ರೋಟೀನು ಜಿ3ಬಿಪಿ1ಗೆ ಹೀಗೆ ಮುಚ್ಚಳ ಹಾಕುತ್ತೆ. ಅದು ಸಾಕಷ್ಟು ಇದ್ರೆ ಹನಿ ಕಟ್ಟೋದೇ ಇಲ್ಲ. ಈ ಮುಚ್ಚಳದ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಷ್ಟ ಕಳೆದ ಮೇಲೆ ಹನಿ ಕರಗಬೇಕು. ಎಂಆರ್‌ಎನ್‌ಎ ಹೊರಗೆ ಬರಬೇಕು, ಕೋಶ ಮತ್ತೆ ಕೆಲಸಕ್ಕೆ ಹತ್ತಬೇಕು. ಪ್ರವಾಹ ಬಂದಾಗ ಶಾಲೆಯಲ್ಲಿ ಗಂಜಿ ಕೇಂದ್ರ ತೆರೀತಾರೆ. ನೀರು ಇಳಿದ ಮೇಲೂ ಅದನ್ನ ಮುಚ್ಚದಿದ್ರೆ ಶಾಲೆ ನಡೆಯೋದು ಹೇಗೆ? ಮಾವನಿಗೆ ಈ ಮಾತು ಹೇಳಿದಾಗ ಅವರು ತಲೆ ಅಲ್ಲಾಡಿಸಿದ್ರು. ಅವರ ಶಾಲೆಯಲ್ಲೂ ಒಂದು ಮಳೆಗಾಲ ಹಾಗಾಗಿತ್ತು.

ಕರಗದೇ ಉಳಿದರೆ

ಈಗ ಕಾಯಿಲೆಗೆ ಬರೋಣ. ಈ ಸ್ಟ್ರೆಸ್ ಗ್ರಾನ್ಯೂಲ್‌ಗಳಿಗೆ ಬರೋ ಗಿರಾಕಿಗಳಲ್ಲಿ ಫಸ್ ಅಂತ ಒಂದು ಪ್ರೋಟೀನು ಇದೆ. 2009ರಲ್ಲಿ, ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರೋ ಎಎಲ್‌ಎಸ್‌ಗೆ ಈ ಫಸ್‌ನ ಜೀನಿನಲ್ಲಿ ಆಗೋ ಬದಲಾವಣೆ ಕಾರಣ ಅಂತ ಗೊತ್ತಾಯ್ತು. 2015ರಲ್ಲಿ ಡ್ರೆಸ್ಡೆನ್‌ನಲ್ಲೇ ಅದರ ಹನಿಯನ್ನ ಟ್ಯೂಬಿನಲ್ಲಿ ಮಾಡಿ ಇಟ್ಟು ನೋಡಿದ್ರು. ಹೊಸದರಲ್ಲಿ ನೀರಿನ ಹಾಗೆ ಹರೀತಿತ್ತು, ಎರಡು ಹನಿ ಸೇರಿ ಒಂದಾಗ್ತಿತ್ತು. ಗಂಟೆಗಳು ಕಳೆದ ಹಾಗೆ ಬಿಗಿಯಾಯ್ತು, ನಾರು ನಾರಾಗಿ ಗಡುಸಾಯ್ತು. ರೋಗಿಗಳಲ್ಲಿ ಕಂಡುಬಂದ ಒಂದು ಬದಲಾವಣೆ ಇರೋ ಫಸ್ ಇನ್ನೂ ಬೇಗ ಗಡುಸಾಯ್ತು.

ಕೈ ಹಿಡಿಯೋದು, ಬಿಡೋದು ಅಂದೆನಲ್ಲ. ಇಲ್ಲಿ ಹಿಡಿದ ಕೈ ಬಿಡೋದು ನಿಂತುಹೋಯ್ತು. ಹೆಪ್ಪು ಹಾಕಿದ ಹಾಲು ಮತ್ತೆ ಹಾಲಾಗಲ್ಲ, ಹಾಗೆ.

ಬಹುಪಾಲು ಎಎಲ್‌ಎಸ್ ರೋಗಿಗಳಲ್ಲಿ ಫಸ್ ಕೆಟ್ಟಿರೋದಿಲ್ಲ. ನೂರಕ್ಕೆ 95ಕ್ಕೂ ಹೆಚ್ಚು ಜನರ ನರಕೋಶಗಳಲ್ಲಿ ಗಂಟುಕಟ್ಟಿಕೊಂಡು ಸಿಗೋದು ಟಿಡಿಪಿ-43 ಅನ್ನೋ ಇನ್ನೊಂದು ಪ್ರೋಟೀನು. ಅದು 2006ರಲ್ಲಿ ಗೊತ್ತಾಯ್ತು. ಅದೂ ಫಸ್ ಹಾಗೇ ಆರ್‌ಎನ್‌ಎ ಹಿಡಿಯೋ, ಹನಿ ಕಟ್ಟೋ ಸ್ವಭಾವದ್ದು. ಗಂಟು ಕಾಯಿಲೆಯ ಮೂಲವಾ, ಅಥವಾ ಕೆಟ್ಟದ್ದರ ಗುರುತಾ, ಹನಿಯಾಗಿದ್ದದ್ದೇ ಗಂಟಾಗುತ್ತಾ ಅಥವಾ ಬೇರೆ ದಾರಿಯೂ ಇದೆಯಾ, ಇದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜೋರು ಚರ್ಚೆ ಇದೆ. ಒಂದೇ ಸಾಲಿನಲ್ಲಿ 'ಹನಿ ಗಟ್ಟಿಯಾಗಿದ್ದಕ್ಕೆ ಕಾಯಿಲೆ ಬಂತು' ಅಂತ ಯಾರಾದ್ರೂ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ನಂಬಬೇಡಿ. ಮಾವನಿಗೂ ಇದನ್ನೇ ಹೇಳಿದೆ.

ಹಾಗೇನೇ ಭಾರತದಲ್ಲೂ ಈ ಕೆಲಸ ನಡೀತಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟುಕಟ್ಟೋ ಆಲ್ಫಾ-ಸಿನ್ಯೂಕ್ಲಿನ್ ಅನ್ನೋ ಪ್ರೋಟೀನು ಕೂಡ ಮೊದಲು ದ್ರವದ ಹನಿಯಾಗಿ ಆಮೇಲೆ ಗಟ್ಟಿಯಾಗಬಹುದು ಅಂತ 2020ರಲ್ಲಿ ತೋರಿಸಿದ್ದು ಐಐಟಿ ಬಾಂಬೆಯ ಸಮೀರ್ ಮಾಜಿ ಅವರ ತಂಡ.

ಬೆಂಗಳೂರಿನ ಯೀಸ್ಟ್

ನಾನು ಓದ್ತಾ ಓದ್ತಾ ಒಂದು ಕಡೆ ನಿಂತೆ. ಎಲ್ಲರೂ ಹನಿ ಹೇಗೆ ಕಟ್ಟುತ್ತೆ ಅಂತಲೇ ಹೇಳ್ತಾರೆ. ಸಮಯಕ್ಕೆ ಸರಿಯಾಗಿ ಅದನ್ನ ಬಿಡಿಸೋರು ಯಾರು? ಇದಕ್ಕೆ ಒಂದು ಅಚ್ಚುಕಟ್ಟಾದ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಿಂದ.

ಅಲ್ಲಿ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಪುರುಷಾರ್ಥ್ ರಾಜ್ಯಗುರು ಅವರ ಲ್ಯಾಬ್ ಇದೆ. ಅವರು ಕೆಲಸ ಮಾಡೋದು ಯೀಸ್ಟ್ ಮೇಲೆ. ಬ್ರೆಡ್ ಉಬ್ಬೋಕೆ ಹಾಕ್ತೀವಲ್ಲ, ಅದೇ ಯೀಸ್ಟ್. ಯೀಸ್ಟ್‌ನಲ್ಲಿ ಪಿ-ಬಾಡಿ ಅನ್ನೋ ಹನಿಗಳಿವೆ. ಕೋಶ ಸದ್ಯಕ್ಕೆ ಬಳಸದ ಎಂಆರ್‌ಎನ್‌ಎ ಮತ್ತು ಅದನ್ನ ಒಡೆಯೋ ಪ್ರೋಟೀನುಗಳು ಅಲ್ಲಿ ಸೇರ್ತವೆ. 2003ರಲ್ಲಿ ಅಮೆರಿಕದಲ್ಲಿ ಉಜ್ವಲ್ ಶೇಠ್ ಮತ್ತು ರಾಯ್ ಪಾರ್ಕರ್ ಇದನ್ನ ವಿವರಿಸಿದ್ರು. ರಾಜ್ಯಗುರು ಅವರೂ ಮುಂಚೆ ಪಾರ್ಕರ್ ಅವರ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು. ಯೀಸ್ಟ್‌ಗೆ ಗ್ಲೂಕೋಸ್ ನಿಲ್ಲಿಸಿದ್ರೆ ಕೆಲವೇ ನಿಮಿಷದಲ್ಲಿ ಪಿ-ಬಾಡಿಗಳು ದೊಡ್ಡದಾಗ್ತವೆ, ಮತ್ತೆ ಗ್ಲೂಕೋಸ್ ಕೊಟ್ಟರೆ ಕರಗ್ತವೆ.

ಪಿ-ಬಾಡಿಯ ಸಾರ್ವೆಗಳಲ್ಲಿ ಮುಖ್ಯವಾದದ್ದು ಇಡಿಸಿ3. ಇದರ ಒಂದು ತುದಿ ಇನ್ನೊಂದು ಇಡಿಸಿ3ಯ ಅದೇ ತುದಿಯನ್ನ ಹಿಡಿಯುತ್ತೆ. ಉಳಿದ ಭಾಗಗಳು ಬೇರೆ ಪ್ರೋಟೀನುಗಳನ್ನ ಹಿಡಿಯುತ್ತೆ. ನಮ್ಮ ಲೆಕ್ಕದಲ್ಲಿ ಹೆಚ್ಚು ಕೈ ಇರೋ ನೋಡ್.

2022ರಲ್ಲಿ ರಾಜ್ಯಗುರು ಅವರ ತಂಡ ಪ್ರಕಟಿಸಿದ ಕೆಲಸ ಹೀಗಿದೆ. ಎಸ್‌ಬಿಪಿ1 ಅಂತ ಒಂದು ಪ್ರೋಟೀನು. ಅದನ್ನ ಯೀಸ್ಟ್‌ನಿಂದ ತೆಗೆದುಹಾಕಿದ್ರು. ಕಷ್ಟ ಬಂದಾಗ ಪಿ-ಬಾಡಿ ಕಟ್ಟಿದ್ವು. ಆದ್ರೆ ಕಷ್ಟ ಕಳೆದ ಮೇಲೆ ಸರಿಯಾಗಿ ಕರಗಲಿಲ್ಲ. ಅಂದ್ರೆ ಹನಿ ಕರಗೋಕೆ ಎಸ್‌ಬಿಪಿ1 ಬೇಕು. ಅದರಲ್ಲೂ ಪೂರ್ತಿ ಪ್ರೋಟೀನು ಬೇಕಿರಲಿಲ್ಲ, ಅದರಲ್ಲಿರೋ ಆರ್‌ಜಿಜಿ ಅನ್ನೋ ತುಣುಕು ಸಾಕಾಯ್ತು. ಆರ್ಜಿನಿನ್, ಗ್ಲೈಸಿನ್, ಗ್ಲೈಸಿನ್ ಅಂತ ಮತ್ತೆ ಮತ್ತೆ ಬರೋ ಸರಪಳಿ ಅದು. ಈ ತುಣುಕನ್ನ ಮಾತ್ರ ವಾಪಸ್ ಕೊಟ್ಟರೆ ಹನಿಗಳು ಮತ್ತೆ ಕರಗತೊಡಗಿದ್ವು.

ಹೇಗೆ ಕರಗಿಸುತ್ತೆ? ಎಸ್‌ಬಿಪಿ1 ಹೋಗಿ ಇಡಿಸಿ3ಯನ್ನ ಹಿಡಿಯುತ್ತೆ. ಎಸ್‌ಬಿಪಿ1 ಹಿಡಿದರೆ ಒಂದು ಇಡಿಸಿ3 ಇನ್ನೊಂದು ಇಡಿಸಿ3ಯನ್ನ ಹಿಡಿಯೋದಕ್ಕೆ ಪೈಪೋಟಿ ಬೀಳುತ್ತೆ. ಟ್ಯೂಬಿನಲ್ಲಿ ಶುದ್ಧ ಇಡಿಸಿ3 ತಗೊಂಡು, ಆರ್‌ಎನ್‌ಎ ಸೇರಿಸಿ ಗುಂಪುಕಟ್ಟಿಸಿ, ಅದಕ್ಕೆ ಎಸ್‌ಬಿಪಿ1 ಹಾಕಿದ್ರೆ ಗುಂಪುಗಳು ಕಡಿಮೆ ಆದ್ವು. ಆರ್‌ಜಿಜಿ ಕತ್ತರಿಸಿ ತೆಗೆದ ಎಸ್‌ಬಿಪಿ1 ಹಾಕಿದ್ರೆ ಕಡಿಮೆ ಆಗಲಿಲ್ಲ.

ನನ್ನ ಓದಿನಲ್ಲಿ, ಆಗ ಹೇಳಿದ ಮುಚ್ಚಳದ ಲೆಕ್ಕಕ್ಕೆ ಇದು ಹತ್ತಿರ ಬರುತ್ತೆ. ಹನಿಯನ್ನ ಒಡೆಯೋಕೆ ಕತ್ತರಿ ಬೇಕಾಗಲಿಲ್ಲ. ಸಾರ್ವೆಯ ಕೈಯನ್ನ ಬೇರೆ ಯಾರೋ ಬಂದು ಹಿಡಿದುಕೊಂಡ್ರು, ಪಕ್ಕದವನ ಕೈ ಬಿಟ್ಟುಹೋಯ್ತು, ಬಲೆ ತಾನಾಗೇ ಬಿಚ್ಚಿಕೊಂಡಿತು. ಹನಿ ಕಟ್ಟೋಕೂ ಬಿಚ್ಚೋಕೂ ಹಿಡಿಕೆ ಒಂದೇ ಕಡೆ ಇದೆ, ಸಾರ್ವೆಯ ಕೈಗಳಲ್ಲಿ.

ಕೊನೆಗೆ ಅವರು ಇನ್ನೊಂದು ಕೆಲಸ ಮಾಡಿದ್ರು. ಮನುಷ್ಯರಲ್ಲಿರೋ ಇಡಬ್ಲ್ಯೂಎಸ್‌ಆರ್1 ಅನ್ನೋ ಪ್ರೋಟೀನನ್ನ ಯೀಸ್ಟ್‌ಗೆ ಹಾಕಿದ್ರು. ಇದು ನಾನು ಆಗ ಹೇಳಿದ ಫಸ್‌ನ ಒಡಹುಟ್ಟು, ಒಂದೇ ಪ್ರೋಟೀನು ಕುಟುಂಬ. ನರರೋಗಗಳಲ್ಲಿ ಇದರ ಹೆಸರೂ ಬರುತ್ತೆ. ಎಸ್‌ಬಿಪಿ1 ಇಲ್ಲದ ಯೀಸ್ಟ್‌ನಲ್ಲಿ ಇದರ ಗಂಟುಗಳು ಹೆಚ್ಚು ಹೊತ್ತು ಉಳಿದ್ವು, ಯೀಸ್ಟ್ ಬೆಳೆಯೋದೂ ಕುಂಠಿತ ಆಯ್ತು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದ್ರೆ ಸುಳ್ಳಲ್ಲ. ಅಡಾಜಣ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ಬೆಂಗಳೂರಿನ ಯೀಸ್ಟ್ ಬಗ್ಗೆ ಓದ್ತಾ, ತೀರ್ಥಹಳ್ಳಿಯ ಮಾವನ ಕೈ ನೆನೆಸಿಕೊಂಡೆ. ಆಮೇಲೆ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಇದು ಯೀಸ್ಟ್. ಮಾವನ ನರಕೋಶ ಯೀಸ್ಟ್ ಅಲ್ಲ. ಯೀಸ್ಟ್ ಎರಡು ಗಂಟೆಗೆ ಒಂದು ಎರಡಾಗುತ್ತೆ. ಮಾವನ ಬೆನ್ನುಹುರಿಯಲ್ಲಿರೋ ನರಕೋಶ ಅವರು ಹುಟ್ಟಿದಾಗಿನಿಂದ ಅದೇ ಇದೆ, ಹಳೇದು ಹೋದ್ರೆ ಹೊಸದು ಬರಲ್ಲ. ಐವತ್ತೈದು ವರ್ಷ ಅಲ್ಲಿ ಹನಿಗಳು ಕಟ್ಟಿವೆ, ಕರಗಿವೆ, ಕಟ್ಟಿವೆ, ಕರಗಿವೆ. ಇಲ್ಲಿ ಸಿಕ್ಕಿದ್ದು ಔಷಧ ಅಲ್ಲ, 'ಬಿಡಿಸೋ ಕೆಲಸಕ್ಕೂ ಒಂದು ವ್ಯವಸ್ಥೆ ಇದೆ, ಅದನ್ನ ಹುಡುಕಬಹುದು' ಅನ್ನೋ ದಾರಿ.

ಮಾವನಿಗೆ ಹೇಳಿದ್ದು

ಇದನ್ನೆಲ್ಲ ಮಾವನಿಗೆ ಮೂರು ಭಾನುವಾರ ವಿಡಿಯೋ ಕಾಲಿನಲ್ಲಿ ಹೇಳಿದೆ. ಮೊದಲನೇ ವಾರ ಅವರು ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತಿದ್ರು. ಮೂರನೇ ವಾರದ ಹೊತ್ತಿಗೆ ಮಾತು ತೊದಲ್ತಿತ್ತು, ಅತ್ತೆ ಪಕ್ಕದಲ್ಲಿ ಕೂತು ಬಿಡಿಸಿ ಹೇಳ್ತಿದ್ರು. ನನ್ನ ಪಾಠ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಹಾಗಾದ್ರೆ ಅಳಿಯಾ, ಕೆಟ್ಟದ್ದು ಹೊರಗಿಂದ ಬಂದದ್ದಲ್ಲ. ಒಳಗೆ ಒಳ್ಳೇ ಕೆಲಸಕ್ಕೆ ಸೇರಿದ ಗುಂಪೇ ಏಳೋದು ಮರೆತು ಕೂತುಬಿಟ್ಟಿದೆ ಅನ್ನು."

"ಹೌದು ಮಾವ, ಹೆಚ್ಚುಕಮ್ಮಿ ಹಾಗೇ. ನಿಮ್ಮ ಕೋಶದಲ್ಲಿ ಹಾಗೇ ಆಗಿದೆ ಅಂತ ಮಾತ್ರ ಖಚಿತವಾಗಿ ಹೇಳೋಕೆ ಬರಲ್ಲ" ಅಂದೆ.

"ಖಚಿತ ಬೇಡ ಮಾರಾಯ. ನಾನು ಏನೋ ತಪ್ಪು ಮಾಡಿದ್ದಕ್ಕೆ ಬಂತು ಅಂತ ಊರಲ್ಲಿ ಹೇಳ್ತಾರಲ್ಲ, ಅದಲ್ಲ ತಾನೆ?"

ಅವರು ಒಂದೂವರೆ ವರ್ಷದಿಂದ ಹೊತ್ತುಕೊಂಡಿದ್ದ ಪ್ರಶ್ನೆ ಅದು. ನನಗೆ ಗೊತ್ತೇ ಇರಲಿಲ್ಲ. ಯಾರೋ ನೆಂಟರು ನಾಗದೋಷ ಅಂದಿದ್ರಂತೆ, ಇನ್ಯಾರೋ ಚಿಕ್ಕವನಿದ್ದಾಗ ತಂದೆಯ ಮಾತು ಮೀರಿದ್ದಕ್ಕೆ ಅಂದಿದ್ರಂತೆ. ನಾನು ಹೇಳಿದೆ: "ಅಲ್ಲ ಮಾವ. ಖಂಡಿತ ಅಲ್ಲ." ಇಡೀ ಪಾಠದಲ್ಲಿ ನಾನು 'ಖಂಡಿತ' ಅಂತ ಹೇಳಿದ್ದು ಅದೊಂದನ್ನೇ.

ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಇಂಥ ಕಾಯಿಲೆ ಇದ್ರೆ ಎರಡು ಮಾತು. ಹನಿ ಕರಗಿಸೋ ಮಾತ್ರೆ, ಪುಡಿ, ಕಷಾಯ ಅಂತ ಯಾರಾದ್ರೂ ಮಾರೋಕೆ ಬಂದ್ರೆ ದುಡ್ಡು ಕೊಡಬೇಡಿ. ಅಂಥದ್ದು ಇವತ್ತಿಗೆ ಇಲ್ಲ. ಇರೋದನ್ನ ಬಿಡಬೇಡಿ: ನರರೋಗ ತಜ್ಞರ ಹತ್ತಿರ ನಿಯಮಿತವಾಗಿ ತೋರಿಸೋದು, ಕಾಯಿಲೆಯ ವೇಗವನ್ನ ಸ್ವಲ್ಪ ತಗ್ಗಿಸೋ ರಿಲುಜೋಲ್ ಬಗ್ಗೆ ಕೇಳೋದು, ನುಂಗೋದು ಮತ್ತು ಉಸಿರಾಟದ ಕಡೆ ಬೇಗನೇ ಗಮನ ಕೊಡೋದು. ನಾವು ದೂರದಲ್ಲಿರೋರು ದುಡ್ಡು ಕಳಿಸಿ ಸುಮ್ಮನಾಗ್ತೀವಿ. ಫೋನಿನಲ್ಲಿ ಕೂತು ಅವರ ಪ್ರಶ್ನೆಗೆ ಅವರ ಭಾಷೆಯಲ್ಲಿ ಉತ್ತರ ಹೇಳೋದೂ ಒಂದು ಆರೈಕೆ ಅಂತ ನಾನು ಕಲಿತದ್ದು ಈ ಮೂರು ಭಾನುವಾರಗಳಲ್ಲಿ.

ಮಾವ ಈಗ ಅಕ್ಷರದ ಹಲಗೆ ತೋರಿಸಿ ಮಾತಾಡ್ತಾರೆ. ಅತ್ತೆ ಒಂದೊಂದು ಅಕ್ಷರದ ಮೇಲೆ ಬೆರಳಿಡ್ತಾರೆ, ಇವರು ಕಣ್ಣು ಮುಚ್ಚಿ ತೆಗೆದು ಹೌದು ಅಂತಾರೆ. ಹೋದ ವಾರ ಹಾಗೇ ಒಂದು ಪ್ರಶ್ನೆ ಕಳಿಸಿದ್ದಾರೆ: ಎಸ್‌ಬಿಪಿ1 ತನ್ನ ಕೆಲಸ ಮುಗಿದ ಮೇಲೆ ಇಡಿಸಿ3ಯ ಕೈಯನ್ನ ತಾನು ಬಿಡೋದು ಹೇಗೆ? ಒಳ್ಳೇ ಪ್ರಶ್ನೆ. ಓದ್ತಾ ಇದ್ದೀನಿ. ಮುಂದಿನ ಭಾನುವಾರದೊಳಗೆ ಉತ್ತರ ಕೊಡಬೇಕು.